ಬೆಟ್ಟಿಯ ರೊಟ್ಟಿಗೆ ಹಾಕಿದ ಉಪ್ಪು

ದೊಡ್ಡಬಳ್ಳಾಪುರದ ಕಡೆಯ ಮಧುರೆಯಿಂದ ಒಂದು ಮೈಲಿ ಆಚೆ ರುಕ್ಮಿಣಮ್ಮನವರ ತೋಟವಿತ್ತು. ಅಲ್ಲಿ ಹನ್ನೊಂದು ಆಲ್ಸೇಷಿಯನ್ ನಾಯಿಗಳಿದ್ದವು. ಅವರ ಗಂಡ ಸೈನ್ಯದಲ್ಲಿ ನಾಯಿಗಳನ್ನು ಪಳಗಿಸುವ ಕೆಲಸದಲ್ಲಿದ್ದವರು. ನಿವೃತ್ತರಾದ ಮೇಲೆ ಇಲ್ಲಿ ಜಮೀನು ಕೊಂಡು, ಕಾರ್ಖಾನೆಗಳ ಕಾವಲಿಗೆಂದು ಮರಿಗಳನ್ನು ಬೆಳೆಸಿಕೊಡುತ್ತಿದ್ದರು. ಅವರು ತೀರಿಕೊಂಡಾಗ ರುಕ್ಮಿಣಮ್ಮ ನಾಯಿಗಳನ್ನು ಮಾರಿ ಬೆಂಗಳೂರಿಗೆ ಹೊರಟುಹೋಗುತ್ತಾರೆಂದು ಊರವರು ಎಣಿಸಿದ್ದರು. ಅವರು ಹೋಗಲಿಲ್ಲ. ಗಂಡನ ದಪ್ಪ ಬೂಟು ಹಾಕಿಕೊಂಡು ನಾಯಿಮನೆ ತೊಳೆಯುವುದಕ್ಕೆ ತಾವೇ ನಿಂತರು.

ಆ ನಾಯಿಗಳಿಗೆ ರೊಟ್ಟಿ ಮಾಡಿಕೊಡುವ ಕೆಲಸ ಅನುಸೂಯಮ್ಮನದು. ಮೂವತ್ತೆಂಟರ ಹೆಂಗಸು. ಮನೆಯಲ್ಲಿ ಎರಡೂವರೆ ಎಕರೆ ಹೊಲ, ಗಂಡ ದೊಡ್ಡಮುನಿಯಪ್ಪ, ಅತ್ತೆ ಸಪ್ಪಲಮ್ಮ. ಒಬ್ಬಳೇ ಮಗಳನ್ನು ಜಡಿಗೇನಹಳ್ಳಿಗೆ ಕೊಟ್ಟಾಗಿತ್ತು. ಅನುಸೂಯಮ್ಮ ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿನಲ್ಲಿ ನಗದವರಿಲ್ಲ. ದೊಡ್ಡಮುನಿಯಪ್ಪನೂ ನಕ್ಕಿದ್ದ. "ನನ್ಗೆ ತಟ್ಟೋ ರೊಟ್ಟಿ ಸೀದೋಗ್ತವೆ, ನಾಯಿ ರೊಟ್ಟಿ ಮಾತ್ರ ಹದವಾಗಿ ಬೇಯ್ತವೆ" ಎಂದು ಜಗಲಿಯ ಮೇಲೆ ಕೂತವರ ಮುಂದೆಲ್ಲ ಹೇಳುತ್ತಿದ್ದ.

ಅದು ಮನುಷ್ಯರು ತಿನ್ನುವ ರೊಟ್ಟಿಯಂಥದಲ್ಲ. ರಾಗಿಹಿಟ್ಟು, ಗೋಧಿ ಬೂಸ, ಮಾಂಸ ಒಣಗಿಸಿ ಕುಟ್ಟಿದ ಬಾಡಿನ ಪುಡಿ, ಇಷ್ಟನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿ, ಬೆರಳು ದಪ್ಪ ತಟ್ಟಿ, ಕಾವಲಿಯ ಮೇಲೊಮ್ಮೆ ಬೇಯಿಸಿ, ಚೂರು ಮಾಡಿ, ಇಟ್ಟಿಗೆ ಒಲೆಯೊಳಗೆ ತಗಡಿನ ಮೇಲೆ ಹರಡಿ ಇನ್ನೊಮ್ಮೆ ಒಣಗಿಸಬೇಕು. ಆಮೇಲೆ ಎರಡು ದಿನದ ಬಿಸಿಲು. ಬಿಸಿಲಿಲ್ಲದ ದಿನ ಮತ್ತೆ ಒಲೆ. ಮಳೆಗಾಲ ಮುಗಿಯುವ ತನಕ ಕೆಡದೆ ಇರಬೇಕಾದ ಆಹಾರ ಅದು. ಮಳೆ ಹಿಡಿದರೆ ದೊಡ್ಡಬಳ್ಳಾಪುರದಿಂದ ಮಾಂಸ ಬರುವುದು ನಿಂತುಹೋಗುತ್ತಿತ್ತು, ಸೌದೆ ನೆನೆದಿರುತ್ತಿತ್ತು. ಆಗ ಹನ್ನೊಂದು ನಾಯಿಗಳಿಗೂ ಉಗ್ರಾಣದ ಡಬ್ಬಗಳಲ್ಲಿ ತುಂಬಿಟ್ಟ ಆ ಚೂರುಗಳೇ ಗತಿ.

ರುಕ್ಮಿಣಮ್ಮ ಮೊದಲ ದಿನವೇ ಎಲ್ಲ ಹೇಳಿಕೊಟ್ಟಿದ್ದರು. ಚೂರು ಮುರಿದರೆ ಟಕ್ಕೆಂದು ಸದ್ದು ಬರಬೇಕು, ಬಾಗಬಾರದು. ಬಿಸಿ ಆರದೆ ಡಬ್ಬಕ್ಕೆ ಹಾಕಬಾರದು, ಒಳಗೆ ಬೆವರುತ್ತದೆ. ಡಬ್ಬ ಖಾಲಿಯಾದ ಮೇಲೆ ತಳದ ಪುಡಿಯನ್ನೆಲ್ಲ ಒರೆಸಿ, ಕಾಯಿಸಿ, ಆಮೇಲೆ ಹೊಸದು ತುಂಬಬೇಕು. ಹಳೆಯದರ ಮೇಲೆ ಹೊಸದನ್ನು ಸುರಿಯಬಾರದು. ಡಬ್ಬಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಬೇಕು. ಮೊದಲು ಮಾಡಿದ್ದು ಮೊದಲು ಖರ್ಚಾಗಬೇಕು. ಇಷ್ಟೂ ಹೇಳಿ ಕೊನೆಗೆ, "ಉಪ್ಪು ಹಾಕಬೇಡ" ಅಂದಿದ್ದರು.

"ಉಪ್ಪಿಲ್ದೆ ಎಂಗೆ ತಿಂತವೆ ಅಮ್ಮಾವ್ರೆ?"

"ನಾಯಿಗಳಿಗೆ ಅದು ಬೇಕಿಲ್ಲ ಕಣಮ್ಮ. ಬಾಡಿನಲ್ಲಿರೋದೇ ಸಾಕು."

ಅವಳು ತಲೆಯಾಡಿಸಿದ್ದಳು. ಎರಡು ವರ್ಷ ಹಾಗೆಯೇ ನಡೆದುಕೊಂಡಿದ್ದಳು.

ಆ ಕೆಲಸದಲ್ಲಿ ಅವಳಿಗೆ ಹಿಡಿಸಿದ್ದು ಒಂದು ಸಂಗತಿ. ಚೂರುಗಳು ಒಣಗಿದವೋ ಇಲ್ಲವೋ ಎಂದು ರುಕ್ಮಿಣಮ್ಮ ಅವಳನ್ನೇ ಕೇಳುತ್ತಿದ್ದರು. ತಾವೇ ಒಂದು ಚೂರು ತಂದು ಅವಳ ಕೈಗಿಟ್ಟು, "ಏನಂತೀಯ?" ಎನ್ನುತ್ತಿದ್ದರು. "ಇನ್ನೂ ಒಂದು ಬಿಸಿಲು ಬೇಕು" ಎಂದು ಅವಳು ಹೇಳಿದರೆ ಇನ್ನೊಂದು ಬಿಸಿಲು. ಮನೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆಯಿಂದ ಹಿಡಿದು ಮೆಣಸಿನಕಾಯಿ ಗಡಿಗೆಯ ತನಕ ಎಲ್ಲವೂ ಇನ್ನೂ ಅತ್ತೆಯ ಕೈಯಲ್ಲೇ ಇತ್ತು. ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ ಮೇಲೂ ನಾಳೆಗೆ ಏನು ಬೇಯಿಸುವುದು ಎಂದು ಅನುಸೂಯಮ್ಮನನ್ನು ಯಾರೂ ಕೇಳಿದವರಲ್ಲ. ಅರವತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ರುಕ್ಮಿಣಮ್ಮ ಉಗ್ರಾಣದ ಬೀಗದ ಕೈಯನ್ನೇ ಅವಳಿಗೆ ಕೊಟ್ಟುಬಿಟ್ಟರು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರ ಬಾವಿಗೆ ಹೋದ ದಿನ ಅವಳು ಎಲ್ಲರ ಕಣ್ಣಿಗೂ ಬೀಳಲೆಂದು ಬೇಕೆಂದೇ ಎರಡು ಬಿಂದಿಗೆ ಹೆಚ್ಚು ಸೇದಿದಳು.

ಆ ವರ್ಷ ಆಷಾಢದ ಮೊದಲ ವಾರ ಬೆಟ್ಟಿ ಎಂಬ ನಾಯಿ ಏಳು ಮರಿ ಹಾಕಿತು. ಗೋಣಿಯ ಮೇಲೆ ಮರಿಗಳ ಜೊತೆ ಮಲಗಿದ್ದ ಬೆಟ್ಟಿಯ ಮುಂದೆ ಅನುಸೂಯಮ್ಮ ಗಂಜಿಯಲ್ಲಿ ನೆನೆಸಿದ ಚೂರುಗಳನ್ನಿಟ್ಟಳು. ಅದು ಮೂಸಿ ನೋಡಿ ಮುಖ ತಿರುಗಿಸಿತು. ಸಂಜೆಯೂ ಅಷ್ಟೆ.

ಆ ಮುಖ ತಿರುಗಿಸಿದ್ದು ಅವಳ ಕಣ್ಣಿಗೆ ಕಟ್ಟಿದಂತಾಯಿತು. ಅವಳು ಬಾಣಂತಿಯಾಗಿದ್ದಾಗ ಸಪ್ಪಲಮ್ಮ ನಲವತ್ತು ದಿನ ಉಪ್ಪು ಕೊಟ್ಟಿರಲಿಲ್ಲ. ಪಥ್ಯ. ಬೆಳ್ಳುಳ್ಳಿ, ಮೆಣಸು, ಸಪ್ಪೆ ಅನ್ನ. ಸಪ್ಪಲಮ್ಮನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ತಾನೂ ಹಾಗೆಯೇ ಉಂಡವಳು. ಆದರೆ ಹದಿನೆಂಟರ ಹುಡುಗಿಗೆ ಅನ್ನದ ತಟ್ಟೆ ಕಂಡರೆ ಅಳು ಬರುತ್ತಿತ್ತು. ಒಂದು ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ, ಎತ್ತುಗಳಿಗೆಂದು ಇಟ್ಟಿದ್ದ ಕಲ್ಲುಪ್ಪಿನಲ್ಲಿ ಒಂದು ಹರಳು ಕದ್ದು ಬಾಯಿಗೆ ಹಾಕಿಕೊಂಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಮಾತೂ ಆಗಿರಲಿಲ್ಲ. ಎತ್ತಿಗೆ ಸಿಕ್ಕಿದ್ದು ತನಗೆ ಸಿಗಲಿಲ್ಲವಲ್ಲ ಎಂಬುದೊಂದು ಮಾತ್ರ ಉಳಿದುಕೊಂಡಿತ್ತು.

ಮಾರನೆಯ ದಿನ ಹಿಟ್ಟು ಕಲಸುವಾಗ ಅವಳು ಒಂದು ಹಿಡಿ ಕಲ್ಲುಪ್ಪನ್ನು ನೀರಿನಲ್ಲಿ ಕರಗಿಸಿ ಸುರಿದಳು. ಅವತ್ತಿನ ರೊಟ್ಟಿಯನ್ನು ಬೆಟ್ಟಿ ಗಬಗಬನೆ ತಿಂದಿತು. ಅನುಸೂಯಮ್ಮ ಅದರ ತಲೆ ಸವರಿ, "ಗೊತ್ತು ಬಿಡು ನಂಗೆ" ಅಂದಳು. ಆಮೇಲೆ ಮಾಡಿದ್ದಕ್ಕೆಲ್ಲ ಉಪ್ಪು ಬಿತ್ತು. ಹೀಗೆ ಎರಡು ಡಬ್ಬ ತುಂಬಿದವು, ನಾಲ್ಕನೆಯದು ಮತ್ತು ಐದನೆಯದು. ಮಿಕ್ಕ ನಾಯಿಗಳಿಗೆ ಸರದಿಯಂತೆ ಹಳೆಯ ಡಬ್ಬಗಳಿಂದಲೇ ಹೋಗುತ್ತಿತ್ತು. ಬೆಟ್ಟಿಯ ಪಾಲನ್ನು ಮಾತ್ರ ಅವಳು ನಾಲ್ಕನೆಯದರಿಂದ ತೆಗೆಯುತ್ತಿದ್ದಳು. ಇದೂ ರುಕ್ಮಿಣಮ್ಮನವರಿಗೆ ಗೊತ್ತಿರಲಿಲ್ಲ.

ಶ್ರಾವಣದಲ್ಲಿ ಮಳೆ ಹಿಡಿದದ್ದು ಒಂಬತ್ತು ದಿನ ಬಿಡಲಿಲ್ಲ. ಬಟ್ಟೆ ಒಣಗಲಿಲ್ಲ, ಬೆಂಕಿಕಡ್ಡಿ ಹತ್ತಲಿಲ್ಲ. ಡಬ್ಬದಿಂದ ತೆಗೆದ ಚೂರು ಕೈಗೆ ಮೆತ್ತಗೆ ಹತ್ತಿದಾಗ ಅನುಸೂಯಮ್ಮ, ಮೆತ್ತಗಿದ್ದರೆ ಬಾಣಂತಿಗೆ ಅಗಿಯುವುದಕ್ಕೆ ಒಳ್ಳೆಯದೇ ಎಂದುಕೊಂಡಳು. ಮುಗ್ಗುಲು ವಾಸನೆ ಬಾಡಿನದೆಂದು ಎಣಿಸಿದಳು. ಆ ಮಬ್ಬಿನಲ್ಲಿ ಉಗ್ರಾಣದೊಳಗೆ ಬಣ್ಣ ಕಾಣುತ್ತಿರಲಿಲ್ಲ.

ಹತ್ತನೆಯ ದಿನ ಬೆಟ್ಟಿ ವಾಂತಿ ಮಾಡಿಕೊಂಡಿತು. ಸಂಜೆಯ ಹೊತ್ತಿಗೆ ನಿಲ್ಲಲಾರದೆ ಮಲಗಿತು, ಹಾಲು ಬತ್ತಿತು. ಏಳು ಮರಿಗಳೂ ಕುಂಯ್‌ಗುಟ್ಟತೊಡಗಿದವು. ದೊಡ್ಡಬಳ್ಳಾಪುರದಿಂದ ಪಶುವೈದ್ಯರು ಸೈಕಲ್ಲಿನಲ್ಲಿ ನೆನೆದುಕೊಂಡು ಬಂದು, ಏನು ತಿನ್ನಿಸುತ್ತಿದ್ದೀರಿ ತೋರಿಸಿ ಅಂದರು. ರುಕ್ಮಿಣಮ್ಮ ಡಬ್ಬಗಳನ್ನು ಒಂದೊಂದಾಗಿ ಬೆಳಕಿಗೆ ತರಿಸಿದರು. ನಾಲ್ಕನೆಯದರ ಮುಚ್ಚಳ ತೆಗೆದರೆ ಬೂದು ಹಸಿರು ಬೂಷ್ಟು ಹತ್ತಿಯಂತೆ ಎದ್ದಿತ್ತು. ಐದನೆಯದೂ ಹಾಗೆಯೇ.

ವೈದ್ಯರು ಔಷಧಿ ಕೊಟ್ಟು, ಮರಿಗಳಿಗೆ ಹಸುವಿನ ಹಾಲು ಹಾಕಲು ಹೇಳಿ ಹೋದರು. ರುಕ್ಮಿಣಮ್ಮ ತಲೆಯೆತ್ತಿ ಹೆಂಚಿನ ಮಾಡು ನೋಡಿದರು. ಉಗ್ರಾಣದ ಒಂದು ಮೂಲೆಯಲ್ಲಿ ಗೋಡೆಯುದ್ದಕ್ಕೂ ನೀರಿಳಿದ ಕರೆ ಇತ್ತು.

"ಅಪ್ಪಯ್ಯಣ್ಣನ್ನ ಕರೆಸು" ಅಂದರು.

ಅಪ್ಪಯ್ಯಣ್ಣ ಅನುಸೂಯಮ್ಮನ ಊರಿನವನೇ. ಪ್ರತಿ ವರ್ಷ ಮಳೆಗೆ ಮುಂಚೆ ಸುತ್ತಿನ ಊರುಗಳಲ್ಲಿ ಹೆಂಚು ಕೈಯಾಡಿಸುವುದು, ಒಡೆದವನ್ನು ತೆಗೆದು ಹೊಸದನ್ನು ಕೂರಿಸುವುದು ಅವನ ಕೆಲಸ. ಅವನು ಮಳೆಗೆ ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಬಂದು ನಿಂತ.

"ಏನಪ್ಪಾ, ಇದೇನಾ ನೀನು ಹೆಂಚು ಕೈಯಾಡಿಸಿದ್ದು?" ಎಂದು ರುಕ್ಮಿಣಮ್ಮ ಡಬ್ಬ ತೋರಿಸಿದರು.

ಅವನು ಡಬ್ಬ ನೋಡಿ, ಮೂಲೆ ನೋಡಿ, ಬಾಗಿಲ ಬಳಿ ಹಲಗೆಯ ಮೇಲೆ ಖಾಲಿ ಬಿದ್ದಿದ್ದ ಜಾಗ ನೋಡಿದ. "ಅಮ್ಮಾವ್ರೆ, ನೀರು ಇಳ್ದಿರೋದು ಆ ಮೂಲೇಲಿ. ಈ ಡಬ್ಬ ಇದ್ದಿದ್ದು ಬಾಗ್ಲತ್ರ ಅಲ್ವಾ?"

"ತೇವ ಒಂದು ಕಡೆ ಬಂದರೆ ಕೋಣೆಗೆಲ್ಲ ಬರುತ್ತೆ."

"ಅಂಗಾದ್ರೆ ಆ ಮೂಲೆ ಡಬ್ಬನೂ ಕೆಡ್ಬೇಕಾಗಿತ್ತಲ್ಲ, ತಾಯಿ?"

"ವಾದ ಮಾಡಬೇಡ. ಹೊಸ ನಾಯಿಮನೆ ಹೆಂಚಿನ ಕೆಲಸ ನಿನಗೆ ಅಂತ ಹೇಳಿದ್ದೆ. ಅದಕ್ಕೆ ಬೇರೆಯವರನ್ನ ನೋಡ್ಕೋತೀನಿ."

ಅಪ್ಪಯ್ಯಣ್ಣ ಅನುಸೂಯಮ್ಮನ ಕಡೆ ತಿರುಗಿದ. ಯಾವ ಡಬ್ಬ ಎಲ್ಲಿತ್ತು ಎಂದು ಅವಳಾದರೂ ಹೇಳುತ್ತಾಳೆಂದು ಕಾದಂತಿತ್ತು. ಅವಳು ಬಗ್ಗಿ ನೆಲದ ಪುಡಿ ಗುಡಿಸುತ್ತಿದ್ದಳು. ಅವನು ಕೊಪ್ಪೆ ಸರಿಮಾಡಿಕೊಂಡು ಮಳೆಯಲ್ಲೇ ಹೊರಟುಹೋದ.

ಆಗ ಅವಳಿಗೆ ನಿಜ ಗೊತ್ತಿರಲಿಲ್ಲ. ಅನುಮಾನವಿತ್ತು. ಮಾರನೆಯ ಬೆಳಗ್ಗೆ ಡಬ್ಬ ತೊಳೆಯಲು ಕೂತಾಗ ಗೊತ್ತಾಯಿತು. ಕರೆ ಬಿದ್ದ ಮೂಲೆಯಲ್ಲಿದ್ದದ್ದು ಮೂರನೆಯ ಡಬ್ಬ, ಉಪ್ಪಿಲ್ಲದ್ದು. ಅದರೊಳಗಿಂದ ಒಂದು ಚೂರು ತೆಗೆದು ಮುರಿದಳು. ಟಕ್ಕೆಂದಿತು. ಐದನೆಯದರಿಂದ ಇನ್ನೂ ಬೂಷ್ಟು ಹತ್ತದ ಚೂರೊಂದನ್ನು ಆರಿಸಿ ಮುರಿಯಹೋದಳು. ಅದು ಹಸಿ ತೊಗಲಿನಂತೆ ಬಾಗಿತು, ಬೆರಳಿಗೆ ಜಿನುಗು ಹತ್ತಿತು. ಎರಡೂ ಒಂದೇ ಒಲೆಯಲ್ಲಿ ಒಣಗಿದವು, ಒಂದೇ ಕೋಣೆಯಲ್ಲಿದ್ದವು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಗಡಿಗೆ ತಾನೇ ಒದ್ದೆಯಾಗಿ, ಕೆಳಗಿನ ನೆಲವನ್ನೂ ಒದ್ದೆ ಮಾಡುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಪ್ರತಿ ವರ್ಷ ಆ ನೀರನ್ನು ತಾನೇ ಒರೆಸಿದ್ದಳು. ಅದೇ ಉಪ್ಪು ರೊಟ್ಟಿಯೊಳಗಿದ್ದರೂ ಅದೇ ಕೆಲಸ ಮಾಡುತ್ತದೆಂದು ಮಾತ್ರ ಹೊಳೆದಿರಲಿಲ್ಲ.

ಹೇಳಬೇಕು ಎಂದುಕೊಂಡಳು. ಹೇಳಿದರೆ ಬೀಗದ ಕೈ ಹೋಗುತ್ತದೆ. ಬೀಗದ ಕೈಯಷ್ಟೇ ಹೋದರೆ ಪುಣ್ಯ. "ಏನಂತೀಯ?" ಎಂದು ಕೇಳುವ ಒಂದು ಬಾಯಿ ಇತ್ತಲ್ಲ, ಅದು ಮತ್ತೆ ಕೇಳುವುದಿಲ್ಲ. ಬೆಟ್ಟಿ ಹುಷಾರಾದ ಮೇಲೆ ಹೇಳೋಣ ಎಂದು ಅವತ್ತಿಗೆ ಮುಂದೆ ಹಾಕಿದಳು. ಬೆಟ್ಟಿ ಮೂರನೆಯ ದಿನ ಎದ್ದು ಗಂಜಿ ಕುಡಿಯಿತು. ಅವಳು ಅವತ್ತೂ ಹೇಳಲಿಲ್ಲ.

ಗಂಡನ ಹತ್ತಿರ ಬಳಸಿ ಮಾತು ತೆಗೆದಳು. "ನಮ್ ಕೊಟ್ಗೆ ಹೆಂಚು ಒಂದ್ಸಾರಿ ಅಪ್ಪಯ್ಯಣ್ಣನ ಕೈಲಿ ನೋಡ್ಸುದ್ರೆ ಆಗಲ್ವಾ?"

"ನಮ್ ಕೊಟ್ಗೆಗೆ ಹೆಂಚೆಲ್ಲಿ ಐತೆ? ಜೋಳದ ಕಡ್ಡಿ ಹೊದ್ಸಿರೋದು" ಎಂದು ದೊಡ್ಡಮುನಿಯಪ್ಪ ಅವಳ ಮುಖ ನೋಡಿದ. "ಏನೇ, ನಾಯಿ ಜೊತೆ ಇದ್ದೂ ಇದ್ದೂ ನಮ್ಮನೆ ಮರ್ತೋಯ್ತಾ?"

ನಾಲ್ಕನೆಯ ದಿನ ಬಾವಿಯ ಹತ್ತಿರ ಅಪ್ಪಯ್ಯಣ್ಣನ ಹೆಂಡತಿ ಲಕ್ಕಮ್ಮ ಸಿಕ್ಕಳು. ಅನುಸೂಯಮ್ಮ ಅಪ್ಪಯ್ಯಣ್ಣನನ್ನು ಅಣ್ಣ ಎನ್ನುತ್ತಿದ್ದುದರಿಂದ ಲಕ್ಕಮ್ಮ ಅವಳಿಗೆ ಅತ್ತಿಗೆ. ಹಗ್ಗ ಬಿಡುತ್ತಲೇ ಲಕ್ಕಮ್ಮ ಅಂದಳು: "ನೆಲಮಂಗಲದ ಕಡೆ ಇಟ್ಗೆ ಗೂಡಿಗೆ ಹೊಂಟವ್ರೆ ಕಣೆ ನಿಮ್ಮಣ್ಣ."

"ಯಾಕತ್ತಿಗೆ? ಹೆಂಚಿನ ಕೆಲ್ಸ?"

"ಹೆಂಚಿನ ಕೆಲ್ಸ ಯಾರು ಕೊಡ್ತಾರೆ? ಅಪ್ಪಯ್ಯಣ್ಣ ಕೈಯಾಡಿಸಿದ ಮನೆ ಸೋರ್ತದೆ, ನಾಯಿ ಸಾಯೋಂಗಾಯ್ತು ಅಂತ ತೂಬಗೆರೆ ತನಕ ಹಬ್ಬೈತೆ. ಬುಧವಾರ ಮಾಡು ನೋಡೋಕ್ ಬಾ ಅಂದಿದ್ದ ಸಂಜೀವಪ್ಪನೋರು ಇವತ್ತು ಬ್ಯಾಡ ಅಂತ ಹೇಳ್ಕಳ್ಸವ್ರೆ." ಲಕ್ಕಮ್ಮ ಬಿಂದಿಗೆ ಎಳೆದು ಕಟ್ಟೆಯ ಮೇಲಿಟ್ಟಳು. "ನೀನು ಅಲ್ಲೇ ಇದ್ದೆಯಂತಲ್ಲ. ನಿಂಗೇನೂ ಕಾಣ್ಲಿಲ್ವಾ?"

ಅನುಸೂಯಮ್ಮ ತನ್ನ ಖಾಲಿ ಬಿಂದಿಗೆಯನ್ನು ಅಲ್ಲೇ ಬಿಟ್ಟು ತೋಟದ ದಾರಿ ಹಿಡಿದಳು.

ರುಕ್ಮಿಣಮ್ಮ ನಡುಮನೆಯಲ್ಲಿ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬತ್ತಿಯಿಂದ ಹಾಲು ಕುಡಿಸುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಹೇಳಿದಳು.

"ಮಾಡು ಸೋರಿದ್ದಕ್ಕಲ್ಲ ಅಮ್ಮಾವ್ರೆ ಬೂಷ್ಟು ಬಂದಿದ್ದು. ನಾನು ಉಪ್ಪು ಹಾಕಿದ್ದೆ."

ರುಕ್ಮಿಣಮ್ಮನವರಿಗೆ ಮೊದಲು ಅರ್ಥವಾಗಲಿಲ್ಲ. "ಯಾವುದಕ್ಕೆ?"

"ರೊಟ್ಟಿಗೆ. ನಾಲ್ಕು, ಐದನೇ ಡಬ್ಬಕ್ಕೆ. ಬೆಟ್ಟಿಗೆ ಅದ್ರಿಂದ್ಲೇ ಹಾಕ್ತಿದ್ದೆ. ಬ್ಯಾರೇವುಕ್ಕೆ ಹಾಕ್ಲಿಲ್ಲ, ಅದಕ್ಕೇ ಅವು ಚೆನ್ನಾಗವೆ. ಸೋರೋ ಮೂಲೇಲಿದ್ದ ಡಬ್ಬ ಗರಿಗರಿಯಾಗೈತೆ. ಬಂದು ಮುರ್ದು ನೋಡಿ."

ರುಕ್ಮಿಣಮ್ಮ ಮರಿಯನ್ನು ಬುಟ್ಟಿಗೆ ಬಿಟ್ಟು ಎದ್ದರು. ಉಗ್ರಾಣಕ್ಕೆ ಹೋಗಿ ಮೂರನೆಯ ಡಬ್ಬದ ಚೂರನ್ನು ಮುರಿದರು. ಕೆಟ್ಟ ಚೂರುಗಳನ್ನು ಹೂಳಲೆಂದು ತುಂಬಿ ಹೊರಗೆ ಇಟ್ಟಿದ್ದ ಗೋಣಿಯಿಂದ ಇನ್ನೊಂದನ್ನು ತೆಗೆದು ಬಗ್ಗಿಸಿದರು, ನಾಲಗೆಯ ತುದಿಗೆ ಮುಟ್ಟಿಸಿ ಉಗಿದರು.

"ಬೇಡ ಅಂತ ಹೇಳಿದ್ದೆ ತಾನೆ?"

"ಹೇಳಿದ್ರಿ."

"ಮತ್ತೆ?"

"ಮರಿ ಹಾಕಿದ ದಿನ ಮುಟ್ಲೇ ಇಲ್ಲ ಅದು. ಸಪ್ಪೆ ಅಂತ ಬಿಡ್ತು ಅನ್ಕೊಂಡೆ. ಉಪ್ಪು ಹಾಕಿದ ಮೇಲೆ ತಿಂತು."

"ಮರಿ ಹಾಕಿದ ದಿನ ಯಾವ ನಾಯೀನೂ ಸರಿಯಾಗಿ ತಿನ್ನಲ್ಲಮ್ಮ! ಮಾರನೇ ದಿನ ಹಸಿವಾಗಿ ತಾನೇ ತಿನ್ನುತ್ತೆ. ಉಪ್ಪಿದ್ದರೂ ತಿನ್ನೋದು, ಇಲ್ಲದಿದ್ದರೂ ತಿನ್ನೋದು." ಅವರ ದನಿ ಏರಿತ್ತು. "ಒಂದು ಮಾತು ನನ್ನ ಕೇಳಿದ್ದರೆ?"

ಅನುಸೂಯಮ್ಮನಿಗೆ ಆಗ ಕೊಟ್ಟಿಗೆಯ ಉಪ್ಪಿನ ಹರಳಿನ ವಿಚಾರ ನಾಲಗೆಯ ತನಕ ಬಂತು. ಹೇಳಿದರೆ ತಪ್ಪಿಗೊಂದು ಕಾರಣ ಸಿಗುತ್ತಿತ್ತು, ಅಮ್ಮಾವ್ರು ಕರಗುತ್ತಿದ್ದರೋ ಏನೋ. ಆದರೆ ಅದನ್ನು ಹೇಳಿ ಅವರನ್ನು ಕರಗಿಸುವುದು ಅಪ್ಪಯ್ಯಣ್ಣನಿಗೆ ಮಾಡಿದ್ದಕ್ಕೆ ಸರಿಹೋಗುವುದಿಲ್ಲ ಅನ್ನಿಸಿತು.

"ಕೇಳ್ಬೇಕಾಗಿತ್ತು" ಅಂದಳು ಅಷ್ಟೆ. ಬೀಗದ ಕೈಯನ್ನು ಸೊಂಟದಿಂದ ತೆಗೆದು ಹಲಗೆಯ ಮೇಲಿಟ್ಟಳು.

ರುಕ್ಮಿಣಮ್ಮ ಅದನ್ನು ತೆಗೆದುಕೊಂಡರು. ಬೇಡ ಇಟ್ಟುಕೋ ಅನ್ನಲಿಲ್ಲ. "ಆ ಗೋಣಿಯನ್ನ ಇವತ್ತೇ ಆಳವಾಗಿ ಹೂಳಬೇಕು. ಕೋಳಿ ಕೆದಕಬಾರದು" ಅಂದರು. ಆಮೇಲೆ, "ಅಪ್ಪಯ್ಯಣ್ಣ ನಾಳೆ ಬಂದು ನಾಯಿಮನೆ ಕೆಲಸ ಶುರು ಮಾಡಲಿ. ನಾನು ಹೇಳಿಕಳಿಸಿದರೆ ಕೆಲಸಕ್ಕೆ ಬರ್ತಾನೆ. ಸೋರಿದ್ದರಿಂದ ಆಗಲಿಲ್ಲ ಅನ್ನೋದನ್ನ ಮಾತ್ರ ನೀನೇ ಹೋಗಿ ಹೇಳಬೇಕು. ನಾಲ್ಕು ಜನ ಕೇಳೋ ಹಾಗೆ ಹೇಳು."

"ನಾನು ನಾಳೆ ಬರ್ಲಾ, ಬ್ಯಾಡ್ವಾ?"

"ಬರದೆ? ಎರಡು ಡಬ್ಬ ಖಾಲಿ ಬಿದ್ದಿವೆ, ಯಾರು ತುಂಬಿಸ್ತಾರೆ?"

ಅವಳು ನಾಲ್ಕು ಜನ ಇರುವ ಹೊತ್ತು ನೋಡಿಕೊಂಡೇ ಹೋದಳು. ಸಂಜೆ ಮಳೆ ಬಿಟ್ಟಿತ್ತು. ಅಪ್ಪಯ್ಯಣ್ಣನ ಜಗಲಿಯ ಮೇಲೆ ಪಕ್ಕದ ಮನೆಯ ಪಾಪಮ್ಮ, ಮುನಿವೆಂಕಟಪ್ಪ ಎಲ್ಲ ಕೂತಿದ್ದರು. ಅವಳು ಕೂರಲಿಲ್ಲ. ನಿಂತುಕೊಂಡೇ ಮೊದಲಿಂದ ಕೊನೆಯ ತನಕ ಹೇಳಿದಳು.

ಮೊದಲು ನಕ್ಕವಳು ಪಾಪಮ್ಮ. "ನಾಯಿಗೆ ಉಪ್ಪು ಹಾಕಿದ್ಯೇನೇ? ಉಪ್ಪಿನ್ಕಾಯಿನೂ ಬಡ್ಸಿದ್ಯಾ?" ಮುನಿವೆಂಕಟಪ್ಪನೂ ನಕ್ಕ. ಈ ಮಾತು ಇನ್ನು ಆರು ತಿಂಗಳು ತನ್ನ ಹಿಂದೆ ಬರುತ್ತದೆಂದು ಅನುಸೂಯಮ್ಮನಿಗೆ ಅಲ್ಲೇ ಗೊತ್ತಾಯಿತು.

ಅಪ್ಪಯ್ಯಣ್ಣ ನಗಲಿಲ್ಲ. "ಯಾವತ್ತು ಗೊತ್ತಾಯ್ತು ನಿಂಗೆ?"

"ಮಾರ್ನೇ ದಿನ."

"ಇವತ್ತಿಗೆ ನಾಲ್ಕು ದಿನ."

"ಊಂ, ಅಣ್ಣ."

"ನಾಲ್ಕು ದಿನ ನನ್ನ ಮಕ ನೋಡ್ಕೊಂಡು ಓಡಾಡಿದ್ಯಲ್ಲಮ್ಮ."

ಲಕ್ಕಮ್ಮ ಒಳಗಿಂದ ಬಂದಳು. ಅನುಸೂಯಮ್ಮ ಬೆಳಗ್ಗೆ ಬಾವಿಕಟ್ಟೆಯಲ್ಲಿ ಬಿಟ್ಟುಹೋಗಿದ್ದ ಬಿಂದಿಗೆಯನ್ನು ಅವಳು ಎತ್ತಿಟ್ಟಿದ್ದಳು. ಅದನ್ನು ಅವಳ ಕಾಲ ಬಳಿ ಇಟ್ಟು ಹೋದಳು.

ಮಾರನೆಯ ದಿನ ಅಪ್ಪಯ್ಯಣ್ಣ ಕೆಲಸಕ್ಕೆ ಬಂದ. ನಾಯಿಮನೆಗೆ ಮುಂಚೆ ಉಗ್ರಾಣದ ಮಾಡು ನೋಡುತ್ತೇನೆಂದು ರುಕ್ಮಿಣಮ್ಮನವರಿಗೆ ಹೇಳಿ ಏಣಿ ಹತ್ತಿದ. ಕೆಳಗೆ ಅನುಸೂಯಮ್ಮ ಹಿಟ್ಟು ಕಲಸುತ್ತಿದ್ದಳು. ಬಾಡಿನ ಪುಡಿ ಬೇಕಾದಾಗ ಎದ್ದು ಹೋಗಿ ಬೀಗದ ಕೈ ಕೇಳಿದಳು, ಪುಡಿ ತೆಗೆದುಕೊಂಡು ಬೀಗ ಹಾಕಿ ವಾಪಸ್ಸು ಕೊಟ್ಟಳು. ಬೂಸಕ್ಕೆ ಇನ್ನೊಮ್ಮೆ ಹೋದಳು. ಅಪ್ಪಯ್ಯಣ್ಣನ ಕಡೆಯಿಂದ ಹೆಂಚು ಸರಿಸುವ ಸದ್ದು ಮಾತ್ರ ಬರುತ್ತಿತ್ತು.

ಮೊದಲ ಕಾವಲಿ ಇಳಿಯುವ ಹೊತ್ತಿಗೆ ಅವನು ಮಾಡಿನ ಅಂಚಿಗೆ ಬಂದು ಕೂತ. ಕೈಯಲ್ಲಿ ಎರಡು ತುಂಡಾದ ಹೆಂಚಿತ್ತು.

"ಅನುಸೂಯಮ್ಮ."

ಅವಳು ತಲೆಯೆತ್ತಿದಳು.

"ಇಲ್ನೋಡು. ಇದು ಮಳೇಲಿ ಒಡ್ದಿದ್ದಲ್ಲ. ಬಿರುಕು ಹಳೇದು, ಒಳ್ಗೆಲ್ಲ ಪಾಚಿ ಹಿಡ್ದೈತೆ. ಬ್ಯಾಸ್ಗೇಲಿ ಕೈಯಾಡಿಸ್ವಾಗ ನಾನೇ ನೋಡ್ದೆ ಬಿಟ್ಬಿಟ್ಟಿದೀನಿ." ಅವನು ಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಅಮ್ಮಾವ್ರಿಗೆ ಹೇಳ್ಬೇಕಾ? ಡಬ್ಬ ಇದ್ರಿಂದ ಕೆಟ್ಟಿಲ್ವಲ್ಲ. ಬೇರೆ ಕೂರ್ಸಿ ಮುಚ್ಬಿಟ್ರೆ ಯಾರಿಗೂ ತಿಳಿಯಲ್ಲ."

ಅನುಸೂಯಮ್ಮ ಹಿಟ್ಟಿನ ಕೈಯನ್ನು ಕೊಳಗದ ಅಂಚಿಗೆ ಒರೆಸಿಕೊಂಡಳು.

"ಈಗ್ಲೇ ಹೋಗಿ ಹೇಳ್ಬಿಡಣ್ಣ" ಅಂದಳು. "ಕಾಫಿ ಕುಡೀತಾವ್ರೆ, ಒಬ್ರೇ ಅವ್ರೆ. ನಾಳೆ ಅಂದ್ರೆ ನಾಲಗೆ ಏಳಲ್ಲ."

ಅವನು ಅವಳನ್ನೊಮ್ಮೆ ನೋಡಿದ. ಆಮೇಲೆ ಒಡೆದ ಹೆಂಚನ್ನು ಕಂಕುಳಲ್ಲಿ ಇರುಕಿಕೊಂಡು, "ಏಣಿ ಗಟ್ಟಿಯಾಗಿ ಹಿಡ್ಕೊ, ಜಾರ್ತದೆ" ಎಂದು ಇಳಿಯತೊಡಗಿದ. ಅವಳು ಎದ್ದು ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡಳು.